ಬಾಬಿನಕ್ಕ ಕೊಂಡ ಸ್ಕ್ಯಾನರ್

ನಮ್ಮ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಗಸನ್ನು ಎಲ್ಲರೂ ಬಾಬಿನಕ್ಕ ಎಂದೇ ಕರೆಯುತ್ತಾರೆ. ನಡೆದರೆ ಜೇಬಿನಲ್ಲಿ ದಾರ ಸುತ್ತಿದ ನಾಲ್ಕಾರು ಬಾಬಿನ್‌ಗಳು ಕಿಣಿಕಿಣಿ ಎನ್ನುತ್ತವೆ. ಅದರಿಂದ ಬಂದ ಹೆಸರು. ವಯಸ್ಸು ಐವತ್ತೆರಡು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಯಂತ್ರಗಳನ್ನಿಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಯಂತ್ರ ಕೆಟ್ಟರೆ ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸುವವಳೂ ಆಕೆಯೇ. ಇಂಥವಳನ್ನು ಒಬ್ಬ ಗ್ಯಾರೇಜಿನವನು ಐದು ತಿಂಗಳ ಕಾಲ ಏನೂ ತಿಳಿಯದವಳಂತೆ ನಡೆಸಿಕೊಂಡ. ನಾನು ಎದುರುಮನೆಯವನು, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಪರಿಶೀಲಕ. ಕಣ್ಣೆದುರು ನಡೆದ ಮೋಸವನ್ನು ಬರೆದಿಡದೆ ಸುಮ್ಮನಿರುವ ಅಭ್ಯಾಸ ನನಗಿಲ್ಲ.

ಆಕೆಯ ಬಳಿ ಹದಿಮೂರು ವರ್ಷದ ಸಣ್ಣ ಕಾರೊಂದಿದೆ. ಅದು ಮೋಜಿಗಾಗಿ ಇರುವುದಲ್ಲ. ಆಕೆಯ ತಂಗಿಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಆರೂವರೆಗೆ ಹತ್ತೊಂಬತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ, ರಕ್ತ ಶುದ್ಧಿಮಾಡುವ ಯಂತ್ರದ ಪಕ್ಕ ಅವಳಿಗೊಂದು ಹಾಸಿಗೆ ನಿಗದಿಯಾಗಿದೆ. ಹದಿನೈದು ನಿಮಿಷ ತಡವಾದರೆ ಹಾಸಿಗೆ ಮುಂದಿನವರಿಗೆ ಹೋಗುತ್ತದೆ. ಅಷ್ಟು ಬೆಳಗ್ಗೆ ಬಸ್ಸಿಲ್ಲ. ಆ ಕಾರು ಹೋದರೆ ಹೋಗುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸಲ ಎಂಜಿನ್ನಿನ ಹಳದಿ ದೀಪ ಹತ್ತಿದಾಗ ಆಕೆ ಮುಖ್ಯರಸ್ತೆಯ ಗ್ಯಾರೇಜಿಗೆ ಹೋದಳು. ಅಲ್ಲಿ 'ಕಂಪ್ಯೂಟರ್ ತಪಾಸಣೆ ಉಚಿತ' ಎಂಬ ಆಳೆತ್ತರದ ಫಲಕವಿದೆ. ಮಾಲೀಕನನ್ನು ದೊಡ್ಡ ಮೇಸ್ತ್ರಿ ಎನ್ನುತ್ತಾರೆ. ಆತ ಒಂದು ಉಪಕರಣವನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ, ಎರಡು ನಿಮಿಷ ನೋಡಿ, ಹೊಗೆ ಅಳೆಯುವ ಸೆನ್ಸರ್ ಹೋಗಿದೆಯೆಂದು ಹೇಳಿ ಬದಲಾಯಿಸಿದ, ದೀಪ ಅಳಿಸಿದ. ಇಪ್ಪತ್ತಮೂರನೆಯ ದಿನ ದೀಪ ಮತ್ತೆ ಹತ್ತಿತು. ಈ ಸಲ ಹೊಸ ಸೆನ್ಸರೇ ಸರಿಯಿರಲಿಲ್ಲವೆಂದು ಇನ್ನೊಂದನ್ನು ಹಾಕಿದ, ಅಳಿಸಿದ. ಮೂರನೆಯ ಸಲ ಪೆಟ್ರೋಲ್ ಸಿಂಪಡಿಸುವ ಕೊಳವೆಗಳನ್ನು ತೊಳೆದ, ಮತ್ತೆ ಅಳಿಸಿದ. ಅಷ್ಟರಲ್ಲಿ ಕಾರು ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಜ್ವರ ಬಂದವರಂತೆ ನಡುಗಿ ಆರಿಹೋಗತೊಡಗಿತ್ತು. ಒಂದು ಶನಿವಾರ ಹಾಸಿಗೆ ಕೈತಪ್ಪಿ, ತಂಗಿ ಎರಡು ದಿನ ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು.

ದೀಪ ಮತ್ತೆ ಹತ್ತಿ ನಾಲ್ಕನೆಯ ಸಲ ಹೋದಾಗ ಆತ ಉಪಕರಣ ಸಿಕ್ಕಿಸಿ ನೋಡಿದನೇ ಹೊರತು ಬಾನೆಟ್ಟನ್ನೂ ಎತ್ತಲಿಲ್ಲ. ಗಾಡಿಯ ಆಯಸ್ಸು ಮುಗಿಯಿತು, ತನ್ನ ಅಳಿಯನಿಗೆ ಬಿಡಿಭಾಗಕ್ಕೆ ಬೇಕಾಗಿದೆ, ಬಂದಷ್ಟಕ್ಕೆ ಕೊಟ್ಟುಬಿಡಿ ಎಂದ. ಕಂಪ್ಯೂಟರಿನಲ್ಲಿ ಬಂದ ದೋಷದ ಸಂಖ್ಯೆಯನ್ನಾದರೂ ಬರೆದುಕೊಡಿ ಎಂದು ಆಕೆ ಕೇಳಿದಳು.

"ನಂಬರ್ ತಗೊಂಡು ನೀವೇನ್ಮಾಡ್ತೀರಕ್ಕಾ? ಇದು ಸೂಜಿಗೆ ದಾರ ಪೋಣಿಸಿದ ಹಾಗಲ್ಲ."

ಆಕೆ ದೀಪ ಅಳಿಸಲು ಬಿಡದೆ ಕಾರನ್ನು ಹಾಗೇ ಮನೆಗೆ ತಂದಳು. ನನ್ನ ಗೇಟಿನಲ್ಲಿ ನಿಂತು, "ತಕ್ಕಡಿ ಸಾಹೇಬ್ರೇ, ಅವನ ಹತ್ರ ಇರೋ ಮಿಷನ್ ನನಗೂ ಒಂದು ಬೇಕು" ಎಂದಳು.

ಭಾನುವಾರ ವಾಹನ ಸಾಮಗ್ರಿಗಳ ಅಂಗಡಿಗೆ ನಾನೂ ಜೊತೆಗೆ ಹೋದೆ. ಮಾರಾಟದವನು ಮೂರು ಉಪಕರಣಗಳನ್ನು ಮುಂದಿಟ್ಟ. ಹೆಬ್ಬೆರಳಿನಷ್ಟು ದೊಡ್ಡದೊಂದು, ಫೋನಿನ ಮೂಲಕ ಮಾತಾಡುವಂಥದ್ದು. ಅಂಗೈಯಷ್ಟು ಪರದೆಯ, ಉದ್ದ ತಂತಿಯ ಇನ್ನೊಂದು. ಮೂರನೆಯದು ಹಲಗೆಯಷ್ಟು ದೊಡ್ಡದು. ಅದನ್ನು ಕೊಳ್ಳಬೇಕಾದರೆ ಕಾರನ್ನೇ ಮಾರಬೇಕು. ಅಳತೆಯ ನಿಖರತೆಗೆ ಪ್ರಮಾಣಪತ್ರವಿದೆಯೇ ಎಂದು ನಾನು ಕೇಳಿದೆ. ಆತ ನನ್ನನ್ನು ಬೇರೆ ಲೋಕದವನಂತೆ ನೋಡಿ, ಏಳು ಸಾವಿರ ದೋಷಸಂಖ್ಯೆ ಓದುತ್ತದೆ, ಒಂದೇ ಸೆಕೆಂಡಿನಲ್ಲಿ ಅಳಿಸುತ್ತದೆ ಎಂದು ಹಾಡತೊಡಗಿದ. ಏಳು ಸಾವಿರದಲ್ಲಿ ಆಕೆಗೆ ಬೇಕಾದದ್ದು ಒಂದು. ಅಳಿಸುವುದನ್ನೇ ಹೆಚ್ಚುಗಾರಿಕೆ ಎಂದು ಮಾರುವ ಈ ವ್ಯಾಪಾರಕ್ಕೆ ಏನೆನ್ನಬೇಕು? ಕಳ್ಳನ ಹೆಜ್ಜೆಗುರುತನ್ನು ಗುಡಿಸಿಕೊಡುವ ಪೊರಕೆಯನ್ನು ಪತ್ತೇದಾರನಿಗೆ ಮಾರಿದಂತೆ.

ಬಾಬಿನಕ್ಕ ಅವನ ಹಾಡನ್ನು ಅರ್ಧಕ್ಕೇ ನಿಲ್ಲಿಸಿದಳು. "ಅಳಿಸೋದು ಇರ್ಲಪ್ಪ. ದೀಪ ಹತ್ತಿದ ಗಳಿಗೇಲಿ ಎಂಜಿನ್ ಏನ್ಮಾಡ್ತಿತ್ತು ಅಂತ ತೋರಿಸೋದು ಇದ್ರಲ್ಲಿ ಯಾವ್ದು?"

ಆ ಗಳಿಗೆಯ ಚಿತ್ರವನ್ನು ಕಾರೇ ನೆನಪಿಟ್ಟುಕೊಂಡಿರುತ್ತದೆ. ಅಳಿಸಿದರೆ ಸಂಖ್ಯೆಯ ಜೊತೆ ಅದೂ ಹೋಗುತ್ತದೆ. ಆಕೆ ಇದನ್ನು ಕಾರಿನ ಕೈಪಿಡಿಯನ್ನೂ ಅಂತರ್ಜಾಲವನ್ನೂ ಓದಿ ತಿಳಿದುಕೊಂಡಿದ್ದಳು. ಮಾರಾಟದವನಿಗೆ ತಿಳಿದಿರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತಿದ್ದ ತನ್ನ ಕಾರಿಗೆ ಸಿಕ್ಕಿಸಿ ನೋಡದೆ ಕೊಳ್ಳುವುದಿಲ್ಲವೆಂದು ಆಕೆ ಹಟ ಹಿಡಿದಳು. ಹೆಬ್ಬೆರಳಿನಂಥದ್ದು ಸಂಖ್ಯೆಯನ್ನಷ್ಟೇ ಹೇಳಿ, ಉಳಿದದ್ದಕ್ಕೆ ಪ್ರತಿ ತಿಂಗಳು ಹಣ ಕಟ್ಟಿ ಎಂದಿತು. ತಂತಿಯದು ಎಲ್ಲವನ್ನೂ ಸಾಲಾಗಿ ತೋರಿಸಿತು: ವೇಗ ಸೊನ್ನೆ, ಎಂಜಿನ್ ಬಿಸಿ, ನಿಮಿಷಕ್ಕೆ ಆರುನೂರ ನಲವತ್ತು ಸುತ್ತು, ಎಂಜಿನ್ನು ತಾನಾಗಿ ಹೆಚ್ಚುವರಿ ಸುರಿದುಕೊಳ್ಳುತ್ತಿದ್ದ ಪೆಟ್ರೋಲ್ ಶೇಕಡಾ ಇಪ್ಪತ್ತಮೂರು. ಬೆಲೆ ಒಂದು ಅಸ್ತರಿನ ಕೋಟು ಹೊಲಿದ ಕೂಲಿಯಷ್ಟು. ಆಕೆ ಅದನ್ನೇ ಕೊಂಡಳು.

ದೋಷಸಂಖ್ಯೆ ಹೇಳುತ್ತಿದ್ದುದು ಇಷ್ಟೇ: ಗಾಳಿಗೆ ತಕ್ಕ ಪೆಟ್ರೋಲ್ ಸಿಗುತ್ತಿಲ್ಲ. ಹಾಗೆಂದು ದೂರು ಕೊಟ್ಟದ್ದು ಸೆನ್ಸರ್. ಮೇಸ್ತ್ರಿ ದೂರು ಕೊಟ್ಟವನನ್ನೇ ಎರಡು ಸಲ ಗಲ್ಲಿಗೇರಿಸಿದ್ದ.

ಸೋಮವಾರ ಬೆಳಗ್ಗೆ ಆಕೆ ಹೊಲಿಗೆ ಯಂತ್ರದ ಕೆಳಗಿಂದ ಒಂದು ತುಂಡು ಬಟ್ಟೆ ಎಳೆದು ನನಗೆ ತೋರಿಸಿದಳು. ಅಡಿಭಾಗದಲ್ಲಿ ದಾರ ಗುಂಗುರುಗುಂಗುರಾಗಿ ಸಡಿಲಬಿದ್ದಿತ್ತು. "ಹೊಸಬರು ಇದನ್ನ ನೋಡಿ ಕೆಳಗಿನ ಬಾಬಿನ್ ಬಿಚ್ತಾರೆ. ತಪ್ಪಿರೋದು ಮೇಲಿನ ದಾರದ ಬಿಗೀಲಿ. ಗಂಟು ಕಾಣಿಸೋ ಕಡೆ ಗಂಟು ಹಾಕಿದವನು ಇರಲ್ಲ, ಸಾಹೇಬ್ರೇ."

ಎಂಜಿನ್ ಓಡುತ್ತಿದ್ದಂತೆ ನನ್ನ ಕೈಗೆ ಸ್ಕ್ಯಾನರ್ ಕೊಟ್ಟು ಅಂಕಿ ಓದಲು ಹೇಳಿದಳು. ನಿಂತಲ್ಲಿ ಇಪ್ಪತ್ತಮೂರು. ಆಕ್ಸಲರೇಟರ್ ಒತ್ತಿದಾಗ ಆರಕ್ಕೆ ಇಳಿಯಿತು, ಬಿಟ್ಟಾಗ ಮತ್ತೆ ಏರಿತು. ಎಂಜಿನ್ ಕಡಿಮೆ ಗಾಳಿ ಕುಡಿಯುವಾಗಲೇ ಕಾಟ ಹೆಚ್ಚೆಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಸುಳುತ್ತಿದೆ ಎಂದರ್ಥ. ಆಕೆ ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ಎರಡು ಕಾಲರ್ ಹೊಲಿದು ಮುಗಿಸಿ ಬಂದಳು. ಬಳಿಕ ಗಾಳಿಯ ರಬ್ಬರ್ ಕೊಳವೆಗಳ ಅಡಿಭಾಗವನ್ನು, ಒಳಹೊಲಿಗೆ ತಡವುವಂತೆ, ಬೆರಳ ತುದಿಯಿಂದ ಇಂಚಿಂಚೇ ತಡವಿದಳು. ಹಿಂಬದಿಯ ಮೊಣಕೈಯಾಕಾರದ ಕೊಳವೆಯ ಬಳಿ ಬೆರಳು ನಿಂತಿತು. ಅಡಿಯಲ್ಲಿ ಉಗುರಿನುದ್ದದ ಸೀಳಿತ್ತು. ಮೇಲಿನಿಂದ ಯಾರಿಗೂ ಕಾಣುವಂತಿರಲಿಲ್ಲ.

ಸಂಜೆಯೊಳಗೆ ಹೊಸ ಕೊಳವೆ ಬಂತು. ಅಂಕಿ ಮೂರಕ್ಕಿಳಿಯಿತು. ಅಳಿಸುವ ಗುಂಡಿಯನ್ನು ಆಕೆ ಒತ್ತಲಿಲ್ಲ. ರೋಗ ಹೋದರೆ ದೀಪವೂ ತಾನಾಗಿ ಹೋಗಬೇಕು ಎಂದಳು. ಮಂಗಳವಾರ ಹೋಗಿ ಬಂದದ್ದು, ಗುರುವಾರ ಹೋದದ್ದು, ಹೀಗೆ ಮೂರು ಪ್ರಯಾಣ ಸರಾಗವಾಗಿ ಮುಗಿದು, ಅಂದು ಆಸ್ಪತ್ರೆಯಿಂದ ಹೊರಡಲು ಎಂಜಿನ್ ಚಾಲೂ ಮಾಡಿದ ಮೇಲೆ ದೀಪ ಉಳಿದಿರಲಿಲ್ಲ.

ಶುಕ್ರವಾರ ಆಕೆ ಸೀಳಿದ ಕೊಳವೆಯನ್ನು ದೊಡ್ಡ ಮೇಸ್ತ್ರಿಯ ಮೇಜಿನ ಮೇಲಿಟ್ಟಳು. ಆತ ತಿರುಗಿಸಿ ನೋಡಿ, ಯಾರು ಹೇಳಿಕೊಟ್ಟರೆಂದು ಕೇಳಿದ.

"ಕಾರೇ ಹೇಳ್ತು. ನಿಮಗೂ ಮೂರು ಸಲ ಹೇಳಿತ್ತು, ಮೂರು ಸಲವೂ ಬಾಯಿ ಮುಚ್ಚಿಸಿದ್ರಿ."

ಸುತ್ತಲಿದ್ದವರು ಕೇಳಿಸಿಕೊಳ್ಳುತ್ತಿದ್ದರು. ಆತ ನಗಲು ಪ್ರಯತ್ನಿಸಿ, ಹಾಗಾದರೆ ತನ್ನ ಅಳಿಯನಿಗೆ ಏನು ಹೇಳಲಿ ಎಂದ.

"ನಾಳೆ ಆರೂವರೆಗೆ ಗಾಡಿಗೆ ಕೆಲಸ ಇದೆ ಅಂತ ಹೇಳಿ."

ಕ್ಷಮೆಯ ಒಂದು ಮಾತೂ ಆತನ ಬಾಯಿಂದ ಬರಲಿಲ್ಲ. ಉಚಿತ ತಪಾಸಣೆಯ ಫಲಕ ಇಂದಿಗೂ ಅಲ್ಲೇ ನೇತಾಡುತ್ತಿದೆ. ಅದರ ಕುರಿತು ನಾನು ಸಂಬಂಧಪಟ್ಟವರಿಗೆ ಎರಡು ಪತ್ರ ಬರೆದಿದ್ದೇನೆ, ಮೂರನೆಯದನ್ನೂ ಬರೆಯುವವನಿದ್ದೇನೆ. ಶನಿವಾರ ಅಕ್ಕತಂಗಿಯರು ಆಸ್ಪತ್ರೆ ತಲುಪಿದ್ದು ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ದಾರಿಯಲ್ಲಿ ಏಳು ಸಿಗ್ನಲ್ಲುಗಳಿವೆ. ಪ್ರತಿಯೊಂದರಲ್ಲೂ ಉಸಿರು ಬಿಗಿಹಿಡಿದು ಕೂರುತ್ತಿದ್ದ ತಂಗಿ, ನಾಲ್ಕನೆಯದು ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದಳಂತೆ.