ನಿಂತ ಫ್ಯಾನಿಗೆ ಹಚ್ಚಿದ ಕೂಲರ್

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಪರದೆಯ ಮೇಲಿನ ಕೆಂಪು ಕಾರು ತಿರುವಿನಲ್ಲೇ ನಿಂತುಬಿಟ್ಟಿತು. ಅದರ ಮೇಲೆ ಹಸಿರು ಗೆರೆಗಳು ಮೂಡಿದವು. ಸ್ಪೀಕರು ಒಂದೇ ಸದ್ದನ್ನು ಹಿಡಿದು ಎಳೆಯಿತು, ಆಮೇಲೆ ಪರದೆ ಕಪ್ಪಾಯಿತು. ಗಡಿಯಾರ ನೋಡಿದ್ದು ನೆನಪಿದೆ, ಏಕೆಂದರೆ ಆ ಬೇಸಿಗೆ ಅಫಜಲಪುರದಲ್ಲಿ ದಿನಾ ಮೂರಕ್ಕೆ ಸರಿಯಾಗಿ ಕರೆಂಟು ತೆಗೆಯುತ್ತಿದ್ದರು. ಅಷ್ಟರೊಳಗೆ ಆಟ ಮುಗಿಯಬೇಕಿತ್ತು.

"ನಾ ಏನೂ ಮಾಡಿಲ್ಲ ಬೇ, ತಾನೇ ನಿಂತದ," ಎಂದು ವೈನಿ ಎರಡೂ ಕೈ ಮೇಲೆತ್ತಿದಳು.

ವೈನಿ ನನ್ನ ಅಣ್ಣನ ಹೆಂಡತಿ. ನನಗಿಂತ ಎರಡೇ ವರ್ಷ ದೊಡ್ಡವಳು. ಅಣ್ಣ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಅವನ ತಂಗಿ ನಾನು ಬೆಳಗಿನ ಬ್ಯಾಚಿಗೆ ಪಾಠ ಹೇಳುತ್ತಿದ್ದೆ. ಮೂರು ಕಂಪ್ಯೂಟರುಗಳಲ್ಲಿ ಎರಡು ಟೈಪಿಂಗಿಗೆ ಸಾಕಾಗುವಷ್ಟು ಹಳೆಯವು. ಮೂರನೆಯದನ್ನು ಅಣ್ಣ ಸೋಲಾಪುರದಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಅದರ ಮೊದಲ ಮಾಲೀಕ ಆಟದ ಹುಚ್ಚಿನವನಿರಬೇಕು, ಒಳಗೆ ತನ್ನದೇ ಪುಟ್ಟ ಫ್ಯಾನಿದ್ದ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದ. ಆ ಕಾರ್ಡಿನಿಂದಾಗಿ ಕಾರಿನ ಆಟ ಕಣ್ಣಿಗೆ ಕಟ್ಟುವಂತೆ ಓಡುತ್ತಿತ್ತು. ನೆಲೋಗಿಯ ಹೊಲದ ಮನೆಯಿಂದ ಬಂದ, ಸೈಕಲ್ಲನ್ನೂ ತುಳಿಯದ ವೈನಿ ಅದರಲ್ಲಿ ನಮ್ಮಿಬ್ಬರನ್ನೂ ಸೋಲಿಸುತ್ತಿದ್ದಳು. ರೊಟ್ಟಿ ಮುಗಿಸಿ, ಭಾಂಡೆ ತೊಳೆದು, ಸೆರಗು ಸಿಕ್ಕಿಸಿಕೊಂಡು ಕೂತರೆ ಮೂರರವರೆಗೆ ಏಳುತ್ತಿರಲಿಲ್ಲ.

ಮರುದಿನವೂ ಆಟ ನಿಂತಿತು. ಅದರ ಮರುದಿನವೂ. ಅಣ್ಣ ಮೊದಲು ವೈರಸ್ ಎಂದ, ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಆಮೇಲೆ ರ್‍ಯಾಮ್ ಎಂದ, ಬಿಚ್ಚಿ ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದ. ಕೊನೆಗೆ ವೋಲ್ಟೇಜ್ ಎಂದು ಸ್ಟೆಬಿಲೈಜರ್ ಬದಲಿಸಿದ. ಟೈಪಿಂಗ್ ಮಾಡಿದರೆ ಇಡೀ ದಿನ ನಡೆಯುವ ಯಂತ್ರ, ಆಟ ಹಚ್ಚಿದ ಹತ್ತು ನಿಮಿಷಕ್ಕೆ ಸಾಯುತ್ತಿತ್ತು.

"ಹಂಗಾದ್ರ ಅದರ ಕಾರ್ಡಿಗೇ ಏನೋ ಆಗ್ಯಾದ," ಎಂದೆ. ಆಟ ನಡೆಯುತ್ತಿರುವಾಗಲೇ ಡಬ್ಬಿಯ ಪಕ್ಕದ ತಗಡು ತೆಗೆದು ನೋಡಿದೆವು. ಕಾರ್ಡಿನ ಫ್ಯಾನು ತಿರುಗುತ್ತಲೇ ಇರಲಿಲ್ಲ. ತೊಗರಿ ರಾಶಿಯ ಧೂಳು ಅದರ ಎಲೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಕೆಳಗಿನ ಲೋಹ ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು.

ಬ್ರಶ್ಶಿನಿಂದ ಧೂಳು ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟೆವು. ಎರಡು ದಿನ ಕಿರ್ ಎನ್ನುತ್ತ ತಿರುಗಿ ಮತ್ತೆ ನಿಂತಿತು. ಕಸಬರಿಗೆಯ ಕಡ್ಡಿಯಿಂದ ದೂಡಿದರೆ ನಾಲ್ಕು ಸುತ್ತು ಬಂದು ಸುಮ್ಮನಾಗುತ್ತಿತ್ತು. ಸೋಲಾಪುರದ ಅಂಗಡಿಯವನು ಫೋನಿನಲ್ಲಿ, ಅಂಥ ಫ್ಯಾನು ಮುಂಬಯಿಯಿಂದ ಬರಬೇಕು, ಕಾಯಿರಿ ಎಂದ.

ಕಾಯಲು ಮನಸ್ಸಿಲ್ಲದವಳು ವೈನಿ. "ಮನುಷ್ಯಾರಿಗೆ ಸೆಕಿ ಆದ್ರ ಕೂಲರ್ ಹಚ್ಚತೀರಿ. ಅದಕ್ಕ್ಯಾಕ ಹಚ್ಚಬಾರದು?" ಎಂದಳು.

ಅಣ್ಣ ನಕ್ಕ. "ನಿನ್ನ ತಲಿ ಇಷ್ಟು ಓಡತದ ಅಂತ ಗೊತ್ತಿದ್ರ ಕ್ಲಾಸ್ ನಿನಗ ಕೊಟ್ಟು ನಾ ರೊಟ್ಟಿ ಬಡೀತಿದ್ದೆ."

"ನೀವು ಬಡದ ರೊಟ್ಟಿ ಎಮ್ಮಿನೂ ಮೂಸೂದಿಲ್ಲ ಬಿಡ್ರಿ."

ಮಲಗುವ ಕೋಣೆಯ ಕಬ್ಬಿಣದ ಕೂಲರನ್ನು ಪಡಸಾಲೆಗೆ ಎಳೆದು ತಂದೆವು. ತಗಡು ತೆಗೆದ ಕಂಪ್ಯೂಟರಿನ ಪಕ್ಕೆಗೆ ಅದರ ತಂಪು ಗಾಳಿ ನೇರ ಬೀಳುವಂತೆ ಇಟ್ಟೆವು. ಆಟ ನಿಲ್ಲಲಿಲ್ಲ. ಹತ್ತು ನಿಮಿಷ ದಾಟಿತು, ಅರ್ಧ ಗಂಟೆ ದಾಟಿತು. ಮೂರಕ್ಕೆ ಕರೆಂಟು ಹೋದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ. ಆ ದಿನ ಆಟ ನಿಂತುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಕಂಪ್ಯೂಟರ್ ಡಬ್ಬಿ ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿದ್ದು ಕೂಲರ್ ಬಂದ ಮೇಲೆ. ಅಣ್ಣ ಅದಕ್ಕೆ ಕಚಗುಳಿ ಎನ್ನುತ್ತಿದ್ದ. ಪಡಸಾಲೆಯ ಬಾಗಿಲ ಮೇಲೆ ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿತ್ತು. ಆಗಿನ ಎಲ್ಲ ಕಂಪ್ಯೂಟರ್ ಕ್ಲಾಸುಗಳಲ್ಲೂ ಹಾಗೇ, ಗುಡಿಯೊಳಗೆ ಹೋದಂತೆ ಬರಿಗಾಲಲ್ಲಿ ಹೋಗಬೇಕು, ಧೂಳು ಬರಬಾರದೆಂದು. ಕೂಲರಿನ ಕೆಳಗೆ ನೀರು ಜಿನುಗಿ ಶಹಾಬಾದ್ ಪರಸಿಯ ನೆಲ ಸದಾ ಒದ್ದೆ ಇರುತ್ತಿತ್ತು. ನಾವು ಆ ತಂಪಿನಲ್ಲಿ ಕಾಲು ಇಟ್ಟುಕೊಂಡು ಸುಖಪಡುತ್ತಿದ್ದೆವು.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಮೂರಕ್ಕೆ ಸ್ವಲ್ಪವೇ ಇತ್ತು. ಕೂಲರಿನಲ್ಲಿ ನೀರು ಕಡಿಮೆಯಾಗಿ ಪಂಪು ಗೊರಗುಟ್ಟತೊಡಗಿತು. ವೈನಿ ಕೀಬೋರ್ಡು ನನ್ನತ್ತ ದೂಡಿದಳು. "ಹಿಡಿ ಬೇ, ನನ್ನ ಕಾರ್ ಹಳ್ಳಕ್ಕ ಹಾಕಬ್ಯಾಡ," ಎಂದು ಎದ್ದು ಬಕೆಟ್ ತಂದಳು. ಕೂಲರಿನ ಪ್ಲಗ್ ತೆಗೆದೇ ನೀರು ಹಾಕಬೇಕೆಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಪ್ಲಗ್ ತೆಗೆದರೆ ಗಾಳಿ ನಿಲ್ಲುತ್ತದೆ, ಕಾರ್ಡು ಕಾಯುತ್ತದೆ, ಆಟ ಸಾಯುತ್ತದೆ.

ಎಡಗೈಯಿಂದ ಕೂಲರಿನ ಅಂಚು ಹಿಡಿದಳು. ಬಕೆಟ್ ಕೆಳಗೆ ಬಿತ್ತು. ಅವಳು ಕೂಗಲಿಲ್ಲ. ಕೂಗಿದ್ದರೆ ನಾನು ಬೇಗ ತಿರುಗುತ್ತಿದ್ದೆನೇನೋ. ನೀರು ನನ್ನ ಕುರ್ಚಿಯ ತನಕ ಹರಿದು ಬಂದಾಗ ನೋಡಿದೆ. ಅವಳ ಹಲ್ಲು ಕಚ್ಚಿಕೊಂಡಿದ್ದವು, ಕಣ್ಣು ನನ್ನನ್ನೇ ನೋಡುತ್ತಿದ್ದವು, ಕೈ ಅಂಚಿಗೆ ಅಂಟಿ ಇಡೀ ಮೈ ಸಣ್ಣಗೆ ನಡುಗುತ್ತಿತ್ತು. ಒಳಮನೆಯಿಂದ ಬಂದ ಅಣ್ಣ ಅವಳತ್ತ ಕೈ ಚಾಚಿದ.

"ಮುಟ್ಟಬ್ಯಾಡಾ!" ಎಂದು ಕಿರುಚಿ, ಒಣಗಿದ್ದ ಕಡೆಯಿಂದ ಹೊರಕ್ಕೆ ಮೇನ್ ಸ್ವಿಚ್ಚಿನತ್ತ ಓಡಿದೆ. ನನ್ನ ಕೈ ಇನ್ನೂ ಅದನ್ನು ಮುಟ್ಟಿರಲಿಲ್ಲ. ಒಳಗೆ ಎಲ್ಲ ಸದ್ದೂ ಒಮ್ಮೆಲೇ ನಿಂತವು, ಮೇಲಿನ ಫ್ಯಾನು ನಿಧಾನವಾಯಿತು, ವೈನಿ ಧೊಪ್ಪನೆ ಬಿದ್ದದ್ದು ಕೇಳಿಸಿತು. ಮೂರು ಗಂಟೆಯಾಗಿತ್ತು. ಬೇಸಿಗೆಯುದ್ದಕ್ಕೂ ನಾವು ಬೈದ ಲೋಡ್ ಶೆಡ್ಡಿಂಗ್ ಅವಳ ಕೈ ಬಿಡಿಸಿತ್ತು. ತಂಗಿ ಓದಿದಾಕಿ, ಮೇನ್ ತಗದು ಜೀವ ಉಳಿಸಿದಳು ಎಂದು ಓಣಿಯವರು ಹೇಳಿದರು. ಅಲ್ಲ ಎಂದು ಎಷ್ಟು ಹೇಳಿದರೂ ಅವರು ಅದನ್ನು ವಿನಯವೆಂದೇ ತಿಳಿದರು.

ಊರಿನ ಡಾಕ್ಟರರು ಅವಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ ನಮ್ಮನ್ನು ಗುಲಬರ್ಗಾಕ್ಕೆ ಕಳಿಸಿದರು. ಅಲ್ಲಿ ಇಸಿಜಿ ತೆಗೆದ ಡಾಕ್ಟರರು, "ಬಡಿತ ನಡನಡುವ ತಪ್ಪಾಕತ್ತದ. ಹೆಚ್ಚಾಗಿ ತಾನೇ ಸರಿ ಹೋಗ್ತದ. ರಾತ್ರಿ ಒಬ್ಬರು ಎಚ್ಚರ ಇರ್ರಿ, ತಿಂಗಳು ಬಿಟ್ಟು ಮತ್ತ ಬರ್ರಿ," ಎಂದರು.

ಹೆಚ್ಚಾಗಿ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಎಚ್ಚರ ಇರಲು ಸರದಿ ಮಾಡಿಕೊಂಡೆವು, ಆದರೆ ಸರದಿ ಇಲ್ಲದವರಿಗೂ ನಿದ್ದೆ ಬರುತ್ತಿರಲಿಲ್ಲ. ವೈನಿಗೂ ಇಲ್ಲ. "ಕಣ್ಣು ಮುಚ್ಚಿದ್ರ ಮತ್ತ ತೆರೀತೇನೋ ಇಲ್ಲೋ ಅಂತ ನಾ ಎಚ್ಚರ ಇರ್ತೇನಿ. ನನ್ನ ನೋಡ್ಕೋತ ನೀವು ಇರ್ತೀರಿ. ಮನಿ ಅನ್ನೂದು ಬಸ್ ಸ್ಟ್ಯಾಂಡ್ ಆಗ್ಯಾದ," ಎಂದು ಒಮ್ಮೆ ಹೇಳಿದಳು. ಅವಳ ಅಂಗೈ ಸುಟ್ಟಲ್ಲಿ ಚರ್ಮ ಬಿಗಿದು ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಒಂದು ಹೊತ್ತು ಅಣ್ಣ, ಒಂದು ಹೊತ್ತು ನಾನು ಅನ್ನ ಬೇಯಿಸಿ ಬಡಿಸುತ್ತಿದ್ದೆವು.

ಒಂದು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಅರ್ಥಿಂಗಿನ ಪೈಪು ಕಣ್ಣಿಗೆ ಬಿತ್ತು. ಎರೆಮಣ್ಣು ಒಣಗಿ ಬಿರಿದು, ಪೈಪಿನ ಸುತ್ತ ಬೆರಳು ತೂರುವಷ್ಟು ಸಂದಿಯಾಗಿತ್ತು. ಮಣ್ಣನ್ನು ಮುಟ್ಟದ ಪೈಪು ಸೋರಿದ ಕರೆಂಟನ್ನು ಮಣ್ಣಿಗೆ ಹೇಗೆ ಕೊಟ್ಟೀತು? ಪ್ರತಿವರ್ಷ ವೈನಿ ಭಾಂಡೆ ತೊಳೆದ ನೀರನ್ನು ಅಲ್ಲೇ ಚೆಲ್ಲುತ್ತಿದ್ದಳು, ಮಣ್ಣು ಹಸಿಯಾಗಿರುತ್ತಿತ್ತು. ಆ ವರ್ಷ ನಳಕ್ಕೆ ನೀರು ಸರಿಯಾಗಿ ಬರುತ್ತಿರಲಿಲ್ಲ. ಭಾಂಡೆಗಳನ್ನು ಕೊನೆಯ ಸಲ ಗಲಬರಿಸಿದ ನೀರನ್ನು ಸೋಸಿ ಕೂಲರಿಗೆ ಎತ್ತಿಡುತ್ತಿದ್ದಳು. ತನ್ನನ್ನು ಕಾಯುತ್ತಿದ್ದ ನೀರನ್ನು ಅವಳೇ ಹೊತ್ತು ತಂದು ಕೂಲರಿಗೆ ಸುರಿದಿದ್ದಳು. ಅಣ್ಣನಿಗೆ ತೋರಿಸಿದೆ. ಅವನು ಬಗ್ಗಿ ನೋಡಿದ, ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ವೈನಿಗೆ ಹೇಳಬೇಡ ಎಂದ. ನಾನು ಇಂದಿಗೂ ಹೇಳಿಲ್ಲ.

ಮುಂಬಯಿಯ ಫ್ಯಾನು ಬಂತು. ಅಣ್ಣ ಪಾರ್ಸಲ್ ಒಡೆಯಲಿಲ್ಲ. ಕ್ಲಾಸಿನ ಹುಡುಗರನ್ನು ಬೇರೆ ಕಡೆ ಸೇರಿಸಿ ಪಡಸಾಲೆಗೆ ಕೀಲಿ ಹಾಕಿದ. ಯಾವುದನ್ನು ರಿಪೇರಿ ಮಾಡಲು ಹೋಗಿದ್ದೆವೋ ಅದರ ಬಗ್ಗೆ ಮನೆಯಲ್ಲಿ ಮಾತೇ ನಿಂತಿತು.

ತಿಂಗಳಾದ ಮೇಲೆ ಮತ್ತೆ ಗುಲಬರ್ಗಾದ ಬಸ್ಸು ಹತ್ತಿದೆವು. ಡಾಕ್ಟರರು ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು, ಮೊದಲಿನಿಂದ ಕೊನೆಯವರೆಗೆ ಬೆರಳು ಸರಿಸಿದರು. ಒಂದು ಬಡಿತವೂ ತಪ್ಪಿರಲಿಲ್ಲ. "ಇನ್ನ ಯಾರೂ ಎಚ್ಚರ ಇರೂದು ಬ್ಯಾಡ," ಎಂದರು. ಬಸ್ಸಿನಲ್ಲಿ ವೈನಿ ಕಿಟಕಿಗೆ ತಲೆಯಿಟ್ಟು ಅತ್ತಳು. ಅಣ್ಣ ಅವಳ ಚೀಲ ಹಿಡಿದು ಕೂತಿದ್ದ.

ಅವತ್ತು ಉಂಡ ತಾಟುಗಳನ್ನೂ ಎತ್ತದೆ ಮಾಳಿಗೆಯ ಮೇಲೆ ಅಡ್ಡಾದೆವು. ಆಮೇಲಿನದು ನನಗೆ ತಿಳಿಯದು. ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಅಣ್ಣ ಗೊರಕೆ ಹೊಡೆಯುತ್ತಿದ್ದ. ವೈನಿ ಬಾಯಿ ತೆರೆದು ಮಲಗಿದ್ದಳು, ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಕೆಳಗೆ ಹಾಲಿನವನು ಬಾಗಿಲು ಬಡಿಯುತ್ತಿದ್ದ, ಬಹಳ ಹೊತ್ತಿನಿಂದಲೇ ಇರಬೇಕು.

"ಏನ್ರಿ ಇದು, ಮನ್ಯಾಗ ಯಾರರ ಜೀವಂತ ಇದ್ದೀರೋ ಇಲ್ರೋ?" ಎಂದು ಕೂಗಿದ.

"ಇದ್ದೇವಪ್ಪಾ, ಸಾವಕಾಶ ಕೂಗು," ಎಂದು ನಾನು ಸದ್ದಾಗದಂತೆ ಮೆಟ್ಟಿಲು ಇಳಿದೆ.