ಬೀಜಾಡಿ ಹೊಯಿಗೆಗೆ ಎಷ್ಟು ಚಕ್ರ?

ಮೊನ್ನೆ ಸಾಸ್ತಾನದ ಟೋಲ್ ಹತ್ತಿರ ನನ್ನ ಮುಂದಿದ್ದ ಲಾರಿಯಿಂದ ಕ್ಲಚ್ ಕರಟಿದ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಶೀನ ಮಾವನ ನೆನಪಾಯಿತು. ಹೊರಟದ್ದೂ ಬ್ರಹ್ಮಾವರದ ಶೋರೂಮಿಗೆ, ಹೊಸ ಪಿಕಪ್ ನೋಡಲು.

ಶೀನ ಮಾವ ನನ್ನ ಅಮ್ಮನ ತಮ್ಮ. ಬೀಜಾಡಿಯ ಕೈರಂಪಣಿ ತಂಡದವರು ದಡದಲ್ಲೇ ನಿಂತು ಬಲೆ ಎಳೆದು ಹಿಡಿದ ಮೀನನ್ನು ತನ್ನ ಹಳೇ ಪಿಕಪ್ಪಿನಲ್ಲಿ ಗಂಗೊಳ್ಳಿ ಬಂದರಿಗೆ ಮುಟ್ಟಿಸುವುದು ಅವರ ಕೆಲಸ. ಆ ಗಾಡಿಯ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. ಮುಂದಿನವೆರಡು ಮದುವೆಗೆ ಬಂದ ನೆಂಟರ ಹಾಗೆ ಸುಮ್ಮನೆ ಓಡಾಡಿಕೊಂಡಿದ್ದವು. ಚಕ್ರ ದಡದ ಮರಳಿನಲ್ಲಿ, ನಮ್ಮ ಮಾತಲ್ಲಿ ಹೊಯಿಗೆಯಲ್ಲಿ, ಹೂತರೆ ಅಡಿಗೆ ಹಾಸಲೆಂದು ಮಾವ ಗಾಡಿಯ ಹಿಂದೆ ಸದಾ ತೆಂಗಿನ ಗರಿಯ ಮಡಲು ಇಟ್ಟುಕೊಂಡಿರುತ್ತಿದ್ದರು.

ಆಗ ನನಗೆ ಇಪ್ಪತ್ತು ವರ್ಷ, ಜಗತ್ತಿಗೇ ಬುದ್ಧಿ ಹೇಳುವ ಪ್ರಾಯ. ಬಲೆಗೆ ಬಂಗುಡೆ ಮೀನು ವಿಪರೀತ ಬಿದ್ದಿದೆ ಎಂದು ಸುದ್ದಿ ಬಂದ ಬೆಳಿಗ್ಗೆ, ಇನ್ನೆರಡು ಬುಟ್ಟಿ ಹಿಡಿಯಲಿ ಎಂದು ಮಡಲನ್ನೆಲ್ಲ ಯಾರಿಗೂ ಹೇಳದೆ ಮನೆಯಂಗಳದಲ್ಲೇ ಎಸೆದುಬಿಟ್ಟೆ. ಮೀನು ತುಂಬಿಸಿ ಹೊರಟರೆ ಗಾಡಿ ಹೂತಿತು. ಮಾವ ಹಿಂದೆ ಕೈಹಾಕಿ ನೋಡಿದರು, ಮಡಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡಿತು, ಕ್ಲಚ್ ಕರಟಿತು. ಕೊನೆಗೆ ತಂಡದವರೇ ಬಲೆಯ ಹಗ್ಗ ಕಟ್ಟಿ, ಬಲೆ ಎಳೆಯುವಾಗಿನಂತೆ ಕೂಗು ಹಾಕುತ್ತ ಗಾಡಿಯನ್ನು ಎಳೆದರು. ಅಷ್ಟರಲ್ಲಿ ಬಿಸಿಲಿಗೆ ಮೀನು ಮೆತ್ತಗಾಗಿತ್ತು.

"ಮಡ್ಲ್ ಎಲ್ ಹೋಯ್ತ್ ಶೀನ?" ಎಂದು ತಂಡದ ಹಿರಿಯ ಗೋವಿಂದಣ್ಣ ರೇಗಿದಾಗ ಮಾವ ನನ್ನ ಮುಖವನ್ನು ಒಮ್ಮೆ ನೋಡಿ, "ಮರ್ತ್ ಬಂದೆ ಮಾರ್ರೆ" ಎಂದರು. ಮರುವಾರದಿಂದ ಮೀನು ಬೇರೆಯವರ ಗಾಡಿಗೆ ಹೋಯಿತು. ಮಾವ ಸಾಯುವವರೆಗೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ; ನಾಚಿಕೆಯಾಗಬೇಕಾದದ್ದು ಅದಕ್ಕೆ.

ಈಗ ಅದೇ ತಂಡ ಹೊಸ ಗಾಡಿ ಹುಡುಕುತ್ತಿದೆ. ಆ ಕೆಲಸ ನನಗೇ ಸಿಗಬೇಕು ಎಂದು ಹಟ ಹಿಡಿದಿದ್ದೇನೆ.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಪಿಕಪ್ ಕೇಳಿದಾಗ ಶೋರೂಮಿನವರು ನನ್ನ ಸೀರೆಯನ್ನೂ ಗಾಡಿಯನ್ನೂ ಮತ್ತೆ ಮತ್ತೆ ನೋಡಿದರು. "ಅಕ್ಕಾ, ಹೈವೇಲ್ ಹೋಪುಕೆ ಟೂ ವೀಲ್ ಧಾರಾಳ್ ಸಾಕ್. ಫೋರ್ ವೀಲಿಗೆ ಡೀಸೆಲೂ ಜಾಸ್ತಿ, ರಿಪೇರಿಯೂ ಜಾಸ್ತಿ." ಸುಳ್ಳಲ್ಲ. ಡಾಂಬರಿನ ಮೇಲೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಓಡಿಸುವುದು ದಂಡ.

"ನಾನ್ ಹೊಯ್ಗಿಗೂ ಇಳೂಕ್ ಇತ್ತ್. ಬೀಜಾಡಿಗ್ ಹೋಗಿ ಕಾಂಬ," ಎಂದೆ.

ಬೀಜಾಡಿಯಲ್ಲಿ ಶೋರೂಮಿನ ಟ್ರಯಲ್ ಗಾಡಿಯನ್ನು ಮೊದಲು ಎರಡೇ ಚಕ್ರಕ್ಕೆ ಬಲ ಕೊಟ್ಟು ಹೊಯಿಗೆಗೆ ಇಳಿಸಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂಬದಿ ಕೂತಿತು, ಅದೇ ವಾಸನೆ ಬಂತು. "ಅಕ್ಕಾ, ಹೊಸ ಗಾಡಿ ಮಾರ್ರೆ!" ಎಂದು ಶೋರೂಮಿನವರು ಕಂಗಾಲಾದರು. ನಾನು ಒತ್ತಲಿಲ್ಲ. ಇಳಿದು ಟಯರಿನ ಗಾಳಿ ಸ್ವಲ್ಪ ಬಿಟ್ಟೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವಂತೆ, ವೇಗ ಕಡಿಮೆ ಎಳೆತ ಜಾಸ್ತಿ ಇರುವ ಗೇರಿಗೆ ಹಾಕಿದೆ. ಈ ಸಲ ಮುಂದಿನ ಚಕ್ರಗಳೂ ಕೆಲಸಕ್ಕೆ ಇಳಿದವು. ಗಾಡಿ ನಿಧಾನವಾಗಿ ಮೇಲೆ ಬಂತು.

ಬಲೆ ಒಣಗಿಸುತ್ತಿದ್ದ ಗೋವಿಂದಣ್ಣ ಹತ್ತಿರ ಬಂದರು. ಕೂದಲೆಲ್ಲ ಬೆಳ್ಳಗಾಗಿದೆ. "ಶೀನನ್ ಅಕ್ಕನ್ ಮಗ್ಳ್ ಅಲ್ದಾ? ಗಾಡಿ ಏನೋ ಅಡ್ಡಿಲ್ಲೆ. ಅವ್ನ್ ಹಾಂಗೆ ಮರೂದ್ ಮಾತ್ರ ಬೇಡ."

ಕೆಲಸ ತಪ್ಪಿದರೆ ತಪ್ಪಲಿ ಎನಿಸಿತು. "ಮಾವ ಮರ್ತದ್ದಲ್ಲ ಗೋವಿಂದಣ್ಣ. ಮಡ್ಲ್ ಬಿಸಾಡ್ದದ್ ನಾನ್."

ಅವರು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟರು. ಆಮೇಲೆ ದೋಣಿಯ ಪಕ್ಕದಿಂದ ಎರಡು ಮಡಲು ಎಳೆತಂದು ಗಾಡಿಯ ಹಿಂದೆ ಹಾಕಿದರು. "ನಾಲ್ಕ್ ಚಕ್ರ ಇದ್ರೂ ಇದ್ ಇರ್ಲಿ. ಗಾಡಿ ಕೈಗ್ ಸಿಕ್ಕದ್ ಕೂಡ್ಲೆ ಬಾ."

ಬ್ರಹ್ಮಾವರ ಮುಟ್ಟಿದಾಗ ಶೋರೂಮಿನವರು ಮಡಲಿಗೆ ಕೈಹಾಕಿದರು. "ಇದನ್ ಬಿಸಾಡ್ವಾ ಅಕ್ಕಾ?"

"ಬೇಡ," ಎಂದೆ. "ಅದ್ ನನ್ ಗಾಡಿಗ್ ಹಾಕಿ."