ಪಟ್ಟದ ಹೋರಿಗೆ ಬಾಯಾರಿರಲಿಲ್ಲ

ನೀರಿನ ಜಗಳ ಬಿಡಿಸಲು ಒಂದು ಕೈಗಡಿಯಾರ ಸಾಕು ಎಂದು ನಂಬುವಷ್ಟು ನಾನು ಓದಿದ್ದೆ. ಅರವತ್ತರ ದಶಕದ ನಡುಭಾಗ. ದೀಪಾವಳಿ ಹೊತ್ತಿನ ಮಳೆ ಎರಡನೇ ವರ್ಷವೂ ಕೈಕೊಟ್ಟಿತ್ತು. ಹನುಮಂತನಪಟ್ಟಿಯಿಂದಾಚೆ ಗುಡ್ಡದ ಬುಡದಲ್ಲಿ ಉಳಿದದ್ದು ಒಂದೇ ಮಡು. ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಲ ದೇವರಿಗೆ ಬಿಟ್ಟ ದನಗಳೂ ಅಲ್ಲಿಗೇ, ಮೂಡಲ ಬರಡು ಸೀಮೆಯಿಂದ ಬಂದ ತಮಿಳು ಕುರಿಗಾರರ ಹಿಂಡೂ ಅಲ್ಲಿಗೇ. ಎರಡು ಸಲ ಕಲ್ಲು ತೂರಾಟವಾಗಿತ್ತು. ಮಧುರೆಯಲ್ಲಿ ಬಿ.ಎ. ಮುಗಿಸಿ ಬಂದ ನಾನು ರಾಜಿ ಮಾಡಿಸಿದೆ: ಹನ್ನೆರಡರವರೆಗೆ ದನ, ಆಮೇಲೆ ಕುರಿ. ಎರಡೂ ಕಡೆಯವರು ಒಪ್ಪಿದರು.

ಒಪ್ಪದಿದ್ದದ್ದು ಪಟ್ಟದ ಹೋರಿ. ಹಿಂಡಿಗೆ ಅದೇ ಅರಸು. ಅದು ನೀರಿಗೆ ಬಾಯಿಡುವ ಮೊದಲು ಬೇರೆ ದನವನ್ನು ಬಿಡುವಂತಿಲ್ಲ. ಅದಕ್ಕೆ ಹಗ್ಗ ಹಾಕುವಂತಿಲ್ಲ, ಹೊಡೆಯುವಂತಿಲ್ಲ, ಬಯ್ಯುವಂತೆಯೂ ಇಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸಂಗತಿಯನ್ನು ರಾಜಿ ಮಾಡಿಸುವಾಗ ನಾನು ಮರೆತೇಬಿಟ್ಟಿದ್ದೆ. ರಾಜಿಯ ಮೊದಲ ದಿನ ಹೋರಿದೇವರು ಹುಣಸೆಯ ನೆರಳಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಹನ್ನೆರಡಾಯಿತು.

“ಮಾಮಾ, ಹೊತ್ತಾಯ್ತು,” ಎಂದೆ ನಮ್ಮ ಮುದಿ ದನಗಾಹಿಗೆ. ಅವನಿಗೆ ಊರಿನ ಹುಡುಗರೆಲ್ಲ ಮಾಪ್ಳೆ, ಅಳಿಯಂದಿರು.

“ಹಂಗಾದ್ರ ನಿನ್ ವಾಚ ಅದ್ರ ಕೊಂಬಿಗ್ ಕಟ್ಟು ಮಾಪ್ಳೆ. ನೋಡ್ಕೊಂಡು ಕುಡೀಲಿ.”

ಅಷ್ಟರಲ್ಲಿ ನೀರಿನ ವಾಸನೆ ಹಿಡಿದ ಕುರಿಗಳು ನುಗ್ಗಿದವು. ಹೋರಿ ಬೆದರಿ ತಿರುಗಿತು. ನಡುವೆ ನಾನು. ಕೊಂಬು ಅಂಗಿಯ ತೋಳು ಸೀಳಿತು, ಕೆಸರಿಗೆ ಬಿದ್ದೆ. ನನ್ನನ್ನೋ ತನ್ನ ಕುರಿಗಳನ್ನೋ ಉಳಿಸಲು ಒಬ್ಬ ಕುರಿಗಾರ ಸೊಪ್ಪು ಕಡಿಯುವ ಮಚ್ಚನ್ನು ಹೋರಿಯ ಕುತ್ತಿಗೆಯ ಮೇಲೆತ್ತಿದ. ನಮ್ಮವರ ದೊಣ್ಣೆಗಳು ಅವನ ತಲೆಯ ಮೇಲೆದ್ದವು. ಹೋರಿಗೆ ಏಟು ಬಿದ್ದರೆ ಅವನು ಉಳಿಯುತ್ತಿರಲಿಲ್ಲ. ಅವನು ಸತ್ತರೆ ನಮ್ಮಲ್ಲಿ ಯಾರು ಉಳಿಯುತ್ತಿದ್ದರೋ. ಆ ಮಚ್ಚು ಈಗಲೂ, ಊಟದ ನಡುವೆ, ಕಣ್ಣ ಮುಂದೆ ಸುಮ್ಮನೆ ಮೇಲೇಳುತ್ತದೆ. ಇಳಿಯುವುದೇ ಇಲ್ಲ.

ಅವತ್ತು ಇಳಿಸಿದ್ದು ಅವನ ತಾಯಿ. “ಅಡ ಪಾವಿ, ನಿರುತ್ತುಡಾ!” ಪಾಪೀ, ನಿಲ್ಲಿಸೋ ಎಂದು ಮಗನ ರಟ್ಟೆಗೆ ಬಾರಿಸಿದಳು. ಮರಿಗಳಿಗೆಂದು ಮಡಿಲಲ್ಲಿಟ್ಟಿದ್ದ ಜಾಲಿಕಾಯಿಯನ್ನು ಹೋರಿಯ ಮೂತಿಯ ಮುಂದೆ ಹಿಡಿದು, “ವಾಡಾ ರಾಸಾ,” ಬಾರೋ ರಾಜಾ, ಎನ್ನುತ್ತ ಹಿಮ್ಮುಖವಾಗಿ ನೀರಿಗಿಳಿದಳು. ನಮ್ಮ ಕಟ್ಟಳೆ ಅವಳನ್ನೇನೂ ಕಟ್ಟಿರಲಿಲ್ಲ. ಅರಸು ಮೇಕೆಮರಿಯಂತೆ ಹಿಂದೆಯೇ ಹೋಗಿ, ಕಾಯಿ ತಿಂದು, ಮಂಡಿಯಾಳದ ನೀರಿಗೆ ಬಾಯಿಟ್ಟಿತು. ದನಗಳು ನುಗ್ಗಿದವು. ಅವುಗಳ ಕಾಲಸಂದಿಯಲ್ಲೇ ಕುರಿಗಳೂ ಕುಡಿದವು. ನಮ್ಮವರು ತಡೆಯದೆ ದೊಣ್ಣೆ ಊರಿಕೊಂಡು ನೋಡಿದರು.

ದೇವರ ದನ ಕುರಿಯೊಡನೆ ನೀರು ಕುಡಿಯಬಾರದು. ಮುದುಕ ನಮ್ಮತ್ತ ತಿರುಗಿದ.

“ಊರಲ್ಲಿ ಯಾರಾನ ಕೇಳಿದ್ರ, ಕುರಿ ಅಪ್ಪುರ ಕುಡ್ದೊ, ನಮ್ದೆಲ್ಲ ಹೋದ ಮ್ಯಾಲ. ತಿಳೀತಾ?”

“ಎಷ್ಟೊತ್ತಾದ ಮ್ಯಾಲ ಮಾಮಾ?” ಎಂದೆ, ಕೆಸರಲ್ಲೇ ಕೂತು.

“ನೀ ಬಾಯ್ ಮುಚ್ಚು,” ಎಂದವನೇ ಆ ಹೆಂಗಸಿನತ್ತ ತಿರುಗಿ, ನಾಳೆಯೂ ಒಂದು ಮಡಿಲು ಜಾಲಿಕಾಯಿ ತರುವಂತೆ ತಮಿಳಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿಕೊಂಡ.